ಸಾವಿರ ಗ್ರಹಗಳೂ ಒಂದು ಪುಸ್ತಕವೂ

ಬಾಹ್ಯಾಕಾಶದಲ್ಲಿ ಅಲೆಯುವ ಕಂಪ್ಯೂಟರ್ ಆಟಗಳಿಗೆ ಸಾಹಿತ್ಯದ ವಾರ್ಷಿಕದಲ್ಲಿ ಪುಟ ಕೊಡಬೇಕೇ ಎಂದು ಹಿರಿಯರು ಕೇಳಬಹುದು. ನಮ್ಮ ಮನೆಗಳ ಮಕ್ಕಳು ಎಷ್ಟೋ ಕಥೆಗಳನ್ನು ಈಗ ಅಲ್ಲಿಂದಲೇ ಪಡೆಯುತ್ತಿರುವುದರಿಂದ, ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಆಟಗಾರನೇ ಒಂದು ಪಾತ್ರವಾಗಿ, ನೌಕೆ ಹತ್ತಿ, ಇಷ್ಟಬಂದ ಗ್ರಹದಲ್ಲಿ ಇಳಿಯಬಹುದಾದ ಈ ಆಟಗಳ ಜೀವಾಳ ಹುಡುಕಾಟ. ಅದಕ್ಕೆ ರುಚಿ ಬರುವುದು ಎಲ್ಲಿಂದ?

ಅಮೆರಿಕದ ಬೆಥೆಸ್ಡಾ ಸಂಸ್ಥೆ 2023ರಲ್ಲಿ ತಂದ 'ಸ್ಟಾರ್‌ಫೀಲ್ಡ್'ನಲ್ಲಿ ಸಾವಿರಕ್ಕೂ ಮಿಕ್ಕಿ ಗ್ರಹಗಳಿವೆ. ನೆಲವನ್ನು ಬಹುಮಟ್ಟಿಗೆ ಗಣಿತದ ಸೂತ್ರಗಳು ಹೆಣೆಯುತ್ತವೆ. ಮೊದಲೇ ತಯಾರಿಸಿಟ್ಟ ಕಟ್ಟಡಗಳನ್ನು ಯಂತ್ರ ಅದರ ಮೇಲೆ ಅಲ್ಲಲ್ಲಿ ಇಡುತ್ತದೆ. ಪಾಳುಬಿದ್ದ ಪ್ರಯೋಗಾಲಯವೊಂದನ್ನು ನಾನು ಎದೆ ಡವಗುಟ್ಟುತ್ತ ಹೊಕ್ಕೆ. ಎಷ್ಟೋ ಜ್ಯೋತಿರ್ವರ್ಷಗಳಾಚೆ, ಬೇರೊಂದು ಗ್ರಹದಲ್ಲಿ, ಅದೇ ಪ್ರಯೋಗಾಲಯ. ಅದೇ ಮೂಲೆಯಲ್ಲಿ ಅದೇ ಹೆಣ, ಅದೇ ಟಿಪ್ಪಣಿ. ಮೊದಲು ಕಂಡದ್ದರ ಭಯವೂ ಆ ಕ್ಷಣಕ್ಕೆ ಸತ್ತುಹೋಯಿತು. ಸಾಲದ್ದಕ್ಕೆ ದಾರಿಯೆಂಬುದೇ ಇಲ್ಲ, ನಕ್ಷೆಯಲ್ಲಿ ಗುರುತು ಒತ್ತಿದರೆ ತಲುಪಿಯಾಯಿತು. ಇದೇ ಸಂಸ್ಥೆಯ 2011ರ 'ಸ್ಕೈರಿಮ್'ನಲ್ಲಿ ಬೆಟ್ಟದ ದಾರಿ ಹಿಡಿದವನನ್ನು ದೂರದ ಗೋಪುರವೊಂದು ಸೆಳೆದು, ಹೊರಟ ಕೆಲಸವನ್ನೇ ಮರೆಸುತ್ತಿತ್ತು.

ಆದರೆ ಸ್ಟಾರ್‌ಫೀಲ್ಡ್‌ನಲ್ಲಿಯೇ ಒಂದೆಡೆ ಡಿಕನ್ಸನ 'ಆಲಿವರ್ ಟ್ವಿಸ್ಟ್' ಸಿಗುತ್ತದೆ. ಅದನ್ನು ಓದಿದರೆ, ಜನ ತೊರೆದ ಭೂಮಿಯ ನಕ್ಷೆಯಲ್ಲಿ ಲಂಡನ್ನಿನ ಗುರುತು ಮೂಡುತ್ತದೆ. ಇಳಿದು ನೋಡಿದರೆ ಮರಳುಗಾಡು. 'ಶಾರ್ಡ್' ಗೋಪುರವೊಂದು ಒಂಟಿಯಾಗಿ ನಿಂತಿದೆ. ಹೆಕ್ಕಿಕೊಳ್ಳಲು ಗಾಜಿನ ಆಟಿಕೆಯೊಂದನ್ನು ಬಿಟ್ಟರೆ ಏನೂ ಇಲ್ಲ. ಆದರೂ ನಾನು ಬಹಳ ಹೊತ್ತು ನಿಂತೆ. ನನ್ನನ್ನು ಅಲ್ಲಿಗೆ ಒಂದು ಪುಸ್ತಕ ಕಳಿಸಿತ್ತು.

ಒಂದು ಜಾಗ ಇನ್ನೊಂದು ಜಾಗಕ್ಕೆ ಹೀಗೆ ಕಳಿಸುವುದನ್ನೇ ಇಡೀ ಆಟವಾಗಿ ಬೆಳೆಸಿದ ಕೃತಿ 2019ರ 'ಔಟರ್ ವೈಲ್ಡ್ಸ್'. ಗ್ರಹಗಳು ಬೆರಳೆಣಿಕೆಯಷ್ಟು. 22 ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲವೂ ಮೊದಲಿನಿಂದ ಶುರು. ಕೊಳ್ಳಲು ಆಯುಧವಿಲ್ಲ, ಕೂಡಿಡಲು ಹಣವಿಲ್ಲ. ಕೈಯಲ್ಲಿ ಉಳಿಯುವುದು ತಿಳಿವಳಿಕೆ ಮಾತ್ರ. ಅಲ್ಲೊಂದು ಜೋಡಿ ಗ್ರಹವಿದೆ. ಒಂದರಿಂದ ಇನ್ನೊಂದಕ್ಕೆ ಮರಳು ಸುರಿಯುತ್ತಿರುತ್ತದೆ. ಇಲ್ಲಿ ಗುಹೆಗಳು ಮುಚ್ಚುತ್ತ ಹೋದಂತೆ ಅಲ್ಲಿ ಹೂತ ಕಟ್ಟಡಗಳು ತಲೆಯೆತ್ತುತ್ತವೆ. ಎಲ್ಲಿಗೆ ಹೋಗಬೇಕೆಂದು ತಿಳಿದರೆ ಸಾಲದು, ಯಾವಾಗ ಎಂದೂ ತಿಳಿದಿರಬೇಕು. ಅಳಿದ ಜನಾಂಗವೊಂದು ಗೋಡೆಗಳ ಮೇಲೆ ಸುರುಳಿ ಸುರುಳಿಯಾಗಿ ಬರೆದಿಟ್ಟ ಮಾತುಕತೆಯಲ್ಲಿ ಅದರ ಸುಳಿವು. ಒಂದು ಗ್ರಹದಲ್ಲಿ ಓದಿದ್ದು ಇನ್ನೊಂದರಲ್ಲಿ ದಾರಿಯಾಗುತ್ತದೆ.

ಒಂದು ಕೊರತೆಯನ್ನು ಹೇಳಲೇಬೇಕು. ಆ ಅಪರಿಚಿತ ಲಿಪಿಯನ್ನು ಅನುವಾದದ ಯಂತ್ರವೊಂದು ತಕ್ಷಣ ಬಿಡಿಸಿಕೊಡುತ್ತದೆ. ಬಸ್ಸಿನ ಬೋರ್ಡನ್ನೂ ಎರಡು ಲಿಪಿಗಳಲ್ಲಿ ಓದಲು ಕಲಿತು ಬೆಳೆದ ನನಗೆ ಇದು ತುಸು ಅಗ್ಗವೆನಿಸಿತು. ಅದೇ ವರ್ಷ ಬಂದ 'ಹೆವನ್ಸ್ ವಾಲ್ಟ್'ನಲ್ಲಿ ಪ್ರಾಚೀನ ಲಿಪಿಯ ಪದಗಳನ್ನು ಆಟಗಾರನೇ ಊಹಿಸಬೇಕು. ಊಹೆ ತಪ್ಪಿದರೂ ಕಥೆ ಆ ತಪ್ಪನ್ನೇ ಹೊತ್ತು ಮುಂದೆ ಸಾಗುತ್ತದೆ. ಇನ್ನೊಂದು ಚಂದ್ರನಲ್ಲಿ ಅದೇ ಪದ ಮತ್ತೆ ಸಿಕ್ಕಾಗ ಅರ್ಥ ಬದಲಾಗುವ ಆ ರೋಮಾಂಚಕ್ಕೆ ಸಾವಿರ ಗ್ರಹಗಳು ಸಾಟಿಯಲ್ಲ. ಚಂದ್ರರ ನಡುವಿನ ದೋಣಿಯ ಪಯಣ ಮಾತ್ರ ಆಕಳಿಕೆ ಬರುವಷ್ಟು ನಿಧಾನ.