ಮಯೊರಾನ ಪ್ರಬಂಧ: ಗ್ರಾಫ್‌ನಲ್ಲಿ ಕಾಣದ ಬಿಂದುಗಳು

ಕ್ವಾಂಟಮ್ ಗಣಕದ ಸಂಶೋಧಕರ ಕೆಲಸವೇನು? ನಿರಪೇಕ್ಷ ಶೂನ್ಯದ ಸಮೀಪಕ್ಕೆ ತಣಿಸಿದ ಉಪಕರಣದಿಂದ ಅಳತೆಗಳನ್ನು ಪಡೆಯುವುದು ಅದರ ಒಂದು ಭಾಗ. ಅವುಗಳಲ್ಲಿ ಯಾವುದನ್ನು ನಂಬಬೇಕೆಂದು ನಿರ್ಧರಿಸುವುದು ಇನ್ನೂ ಕಷ್ಟದ ಭಾಗ. ಇದನ್ನು ಅರಿಯಲು 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧವೊಂದನ್ನು ನೀವು ಗಮನಿಸಬೇಕು.

ಸಾಮಾನ್ಯ ಕ್ಯೂಬಿಟ್ ಅಲ್ಪ ಗದ್ದಲಕ್ಕೂ ತನ್ನ ಸ್ಥಿತಿಯನ್ನು ಕಳೆದುಕೊಳ್ಳುತ್ತದೆ. ಮಾಹಿತಿಯನ್ನು ತಂತಿಯ ಎರಡು ತುದಿಗಳಲ್ಲಿ ಹಂಚಿಟ್ಟರೆ, ಒಂದೆಡೆಯ ಗದ್ದಲ ಅದನ್ನು ಸುಲಭವಾಗಿ ಕೆಡಿಸಲಾರದು. ಇಟಲಿಯ ಎಟ್ಟೋರೆ ಮಯೊರಾನ 1937ರಲ್ಲಿ ಊಹಿಸಿದ, ತನಗೆ ತಾನೇ ಪ್ರತಿಕಣವಾದ ಕಣವನ್ನು ಹೋಲುವ ಸ್ಥಿತಿಗಳಿಂದ ಇದು ಸಾಧ್ಯವೆಂಬುದು ಸಿದ್ಧಾಂತ. ಅಂಥ ಸ್ಥಿತಿಯಿದ್ದರೆ ತಂತಿಯ ವಾಹಕತ್ವ ಒಂದು ನಿಶ್ಚಿತ ಬೆಲೆಗೇರಿ ಅಲ್ಲೇ ಸಮತಟ್ಟಾಗಿ ನಿಲ್ಲಬೇಕು.

ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಲಿಯೊ ಕೌವೆನ್‌ಹೋವನ್ ಅವರ ತಂಡ ಆ ಸಮತಟ್ಟನ್ನು ಕಂಡೆವೆಂದು ಸಾರಿತು. ವಿನ್ಸೆಂಟ್ ಮೌರಿಕ್ ಮತ್ತು ಪಿಟ್ಸ್‌ಬರ್ಗ್‌ನ ಸರ್ಗೇ ಫ್ರೊಲೊವ್ ಮೂಲ ಅಳತೆಗಳನ್ನು ಕೇಳಿ ಪಡೆದರು. ಇವರು ಹೊರಗಿನವರಲ್ಲ, ಅದೇ ಪ್ರಯೋಗಾಲಯದ 2012ರ ಪ್ರಸಿದ್ಧ ಮಯೊರಾನ ಪ್ರಬಂಧದ ಸಹಲೇಖಕರು. ಅವರಿಗೆ ಕಂಡದ್ದು ಬೇರೆಯೇ ಚಿತ್ರ. ಅಳತೆಯ ಪೂರ್ಣ ವ್ಯಾಪ್ತಿಯನ್ನು ಗ್ರಾಫ್‌ನಲ್ಲಿ ಗುರುತಿಸಿದಾಗ ಕೆಲವು ಬಿಂದುಗಳು ನಿಶ್ಚಿತ ಬೆಲೆಯನ್ನು ದಾಟಿ ಹೋಗಿದ್ದವು. ಪ್ರಕಟಿತ ಗ್ರಾಫ್‌ನಲ್ಲಿ ಆ ಭಾಗವೇ ಇರಲಿಲ್ಲ. 2021ರ ಮಾರ್ಚ್‌ನಲ್ಲಿ ಲೇಖಕರು ಪ್ರಬಂಧವನ್ನು ಹಿಂತೆಗೆದುಕೊಂಡು, ವೈಜ್ಞಾನಿಕ ಕಟ್ಟುನಿಟ್ಟು ಸಾಲದಾಗಿತ್ತೆಂದು ಕ್ಷಮೆ ಕೋರಿದರು.

ಇಲ್ಲಿ ಮೋಸ ನಡೆಯಿತೆಂದು ನಾನು ಹೇಳುತ್ತಿಲ್ಲ. ವಿಚಾರಣೆ ನಡೆಸಿದ ತಜ್ಞರಿಗೂ ಅಳತೆಗಳನ್ನು ಕೃತಕವಾಗಿ ಸೃಷ್ಟಿಸಿದ ಕುರುಹು ಸಿಗಲಿಲ್ಲ. ಲೇಖಕರು ಉತ್ಸಾಹದಲ್ಲಿ ಕೊಚ್ಚಿಹೋದರೆಂಬುದು ಅವರ ಅಭಿಪ್ರಾಯ. ಆದರೆ ನನ್ನ ಆಕ್ಷೇಪ ಅಲ್ಲಿಯೇ ಇದೆ. ಸಾಧಾರಣ ಸ್ಥಿತಿಗಳೂ ಇಂಥದೇ ಸಂಕೇತ ಕೊಡಬಲ್ಲವು. ಬೇಕಾದ ಬೆಲೆ ಬರುವವರೆಗೆ ಉಪಕರಣವನ್ನು ತಿರುಗಿಸಿ, ಬಂದದ್ದನ್ನೇ ತೋರಿಸಿದರೆ ಅದು ಪರೀಕ್ಷೆಯಾಗದು. ಇಂಥ ಫಲಿತಾಂಶವನ್ನು ನಂಬಿ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ಕಳೆದುಕೊಳ್ಳುವ ವರ್ಷಗಳನ್ನು ಯಾವ ಹಿಂತೆಗೆತವೂ ಮರಳಿಸದು.

ಪತ್ರಿಕೆಗಳೂ ಎಚ್ಚೆತ್ತಿವೆ. 2025ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ‘ಮಯೊರಾನ 1’ ಚಿಪ್ ಘೋಷಿಸಿದಾಗ, ಜೊತೆಗೆ ಪ್ರಕಟವಾದ ಪ್ರಬಂಧವು ಮಯೊರಾನ ಸ್ಥಿತಿಗೆ ಪುರಾವೆಯಲ್ಲವೆಂದು ‘ನೇಚರ್’ ಸಂಪಾದಕರು ವಿಮರ್ಶಾ ಕಡತದಲ್ಲಿ ನಮೂದಿಸಿದರು.

ಭಾರತದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 2023ರಲ್ಲಿ 6,003.65 ಕೋಟಿ ರೂಪಾಯಿ ಮಂಜೂರಾಗಿದೆ. ಅದರ ಗಣಕ ವಿಭಾಗದ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಈ ಕ್ಷೇತ್ರಕ್ಕೆ ಬರಲಿರುವ ವಿದ್ಯಾರ್ಥಿಗಳೇ, ಯಾವುದೇ ಗ್ರಾಫ್ ನೋಡುವಾಗ ಅಕ್ಷ ಎಲ್ಲಿ ನಿಂತಿದೆ, ಅದರಾಚೆ ಏನಿತ್ತು ಎಂದು ಕೇಳಿ. ನಿಮ್ಮದೇ ಗ್ರಾಫ್ ಆಗಿದ್ದರೆ ಮೂಲ ಅಳತೆಗಳನ್ನೆಲ್ಲ ಅದರೊಡನೆ ಪ್ರಕಟಿಸಿ.