ತಾಮ್ರದ ಕೊಳವೆಯ ಜಾಣ್ಮೆ

ಗೇಮಿಂಗ್ ಲ್ಯಾಪ್‌ಟಾಪಿನ ಕೆಳಮುಚ್ಚಳ ಬಿಚ್ಚಿದರೆ ಪ್ರೊಸೆಸರಿನಿಂದ ಫ್ಯಾನಿನತ್ತ ಬಾಗಿ ಸಾಗುವ ಚಪ್ಪಟೆ ತಾಮ್ರದ ಕೊಳವೆಗಳು ಕಾಣುತ್ತವೆ. ಹೀಟ್ ಪೈಪ್ ಎನ್ನುವ ಈ ಸಾಧನದ ಮೇಲೆ ನನಗೆ ತುಂಬ ಗೌರವ. ಒಳಗೆ ಮೋಟಾರಿಲ್ಲ, ತಿರುಗುವ ಭಾಗ ಒಂದೂ ಇಲ್ಲ. ಗಾಳಿ ಹೊರತೆಗೆದು ಬಾಯಿ ಮುಚ್ಚಿದ ಕೊಳವೆಯಲ್ಲಿ ಇರುವುದು ತುಸು ನೀರು, ಅಷ್ಟೇ. ಒತ್ತಡ ಕಡಿಮೆಯಾದ್ದರಿಂದ ಆ ನೀರು 100 ಡಿಗ್ರಿವರೆಗೆ ಕಾಯದೆ ಬಹಳ ಮೊದಲೇ ಆವಿಯಾಗುತ್ತದೆ. ಆವಿ ಫ್ಯಾನಿನ ಕಡೆಯ ತುದಿಗೆ ಧಾವಿಸಿ, ಶಾಖ ಬಿಟ್ಟುಕೊಟ್ಟು, ಮತ್ತೆ ನೀರಾಗುತ್ತದೆ. ಒಳಗೋಡೆಯ ತಾಮ್ರದ ಪುಡಿಯ ಪದರ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ, ಅದನ್ನು ಹಿಂದಕ್ಕೆ ಎಳೆದು ತರುತ್ತದೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ಇದನ್ನು ರೂಪಿಸಿದಾಗ ಕಣ್ಣಿದ್ದದ್ದು ಬಾಹ್ಯಾಕಾಶದ ಮೇಲೆ!

ಇಷ್ಟು ಚಂದದ ಏರ್ಪಾಟನ್ನು ಕೆಡಿಸುವುದು ಧೂಳು. ಫ್ಯಾನಿನ ಮುಂದಿನ ತೆಳು ಲೋಹದ ಹಾಳೆಗಳ ಸಂದಿಯಲ್ಲಿ ಅದು ಕಟ್ಟಿಕೊಂಡರೆ ಗಾಳಿಗೆ ದಾರಿಯಿಲ್ಲ, ಫ್ಯಾನ್ ಚೀರತೊಡಗುತ್ತದೆ. ಎಸಳುಗಳು ತಿರುಗದಂತೆ ಬೆರಳಲ್ಲಿ ಹಿಡಿದುಕೊಂಡು ಧೂಳು ಊದಬೇಕು. ಪ್ರೊಸೆಸರಿನ ಶಾಖವನ್ನು ಕೊಳವೆಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಿಸಬೇಕು.

ಆದರೆ ಶಾಖ ಹುಟ್ಟುವಲ್ಲೇ ತಗ್ಗಿಸುವುದು ಇನ್ನೂ ಒಳ್ಳೆಯದು. ಪರದೆ ತೋರಿಸಲಾಗದಷ್ಟು ಫ್ರೇಮ್‌ಗಳನ್ನು ಚಿಪ್ಪಿನಿಂದ ಮಾಡಿಸುವುದೇಕೆ? 60 ಹರ್ಟ್ಸ್ ಪರದೆಗೆ ಸೆಕೆಂಡಿಗೆ 60 ಸಾಕು. ವೋಲ್ಟೇಜ್ ಇಳಿಸಲು ಯಂತ್ರ ಅವಕಾಶ ಕೊಟ್ಟರಂತೂ ಲಾಭ ದೊಡ್ಡದು: ಚಿಪ್ಪು ಓಡುವಾಗಿನ ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ, ಶೇ 10 ಇಳಿಸಿದರೆ ಅದೇ ವೇಗದಲ್ಲೂ ಬಳಕೆ ಸುಮಾರು ಶೇ 19 ತಗ್ಗುತ್ತದೆ. ಒಂದೊಂದು ಚಿಪ್ಪಿನ ತಾಳಿಕೆ ಒಂದೊಂದು ಥರ. ಚೂರುಚೂರೇ ಇಳಿಸುತ್ತ, ಪ್ರತಿ ಸಲವೂ ಆಟ ಓಡಿಸಿ ನೋಡಬೇಕು.