ನಿರ್ವಿಚಿಕಿತ್ಸೆಯ ಪರೀಕ್ಷೆ: ‘ಬದುಕು ಬಯಲು’ ನಾಟಕವನ್ನು ಕುರಿತು

ಹಿಜ್ರಾ ಸಮುದಾಯದ ಲೇಖಕಿ ಎ. ರೇವತಿಯವರ ಆತ್ಮಕಥೆಯನ್ನು ಆಧರಿಸಿದ ‘ಬದುಕು ಬಯಲು’ ನಾಟಕವನ್ನು ನಾನು ಕೆಲವು ವರ್ಷಗಳ ಹಿಂದೆ ನೋಡಿದೆ. ನೋಡಿದ ಮೇಲೆ ಗ್ರಂಥವನ್ನು ತರಿಸಿ ಎರಡು ಬಾರಿ ಓದಿದೆ. ಇಂತಹ ವಿಷಯವನ್ನು ನಮ್ಮ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಬಹಳ ದಿನ ಹಿಂಜರಿದೆ. ಆದರೆ ನಾಟಕ ಎತ್ತಿದ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದಾಗ ನಾನು ಬಂದು ನಿಂತದ್ದು ನಮ್ಮ ಆಗಮಗಳ ಬಾಗಿಲಿಗೇ. ಆದುದರಿಂದ ಸಂಕೋಚವನ್ನು ಬದಿಗಿಟ್ಟು ಬರೆಯುತ್ತಿದ್ದೇನೆ.

ತಮಿಳುನಾಡಿನ ನಾಮಕ್ಕಲ್ ಸೀಮೆಯ ಹಳ್ಳಿಯೊಂದರಲ್ಲಿ ದೊರೆಸ್ವಾಮಿ ಎಂಬ ಗಂಡುಮಗುವಾಗಿ ಹುಟ್ಟಿ, ತನ್ನೊಳಗೆ ಹೆಣ್ಣನ್ನು ಕಂಡು, ಮನೆ ಬಿಟ್ಟು, ದೆಹಲಿ, ಮುಂಬಯಿಗಳ ಹಿಜ್ರಾ ಮನೆಗಳಲ್ಲಿ ಬಾಳಿ, ಬೆಂಗಳೂರಿನ ಹಮಾಮಿನಲ್ಲಿ ದೇಹವನ್ನು ಮಾರಿ ಬದುಕಿ, 1999ರಲ್ಲಿ ‘ಸಂಗಮ’ ಸಂಸ್ಥೆಯನ್ನು ಸೇರಿದವರ ಕಥೆ ಇದು. ವಿ. ಗೀತಾ ಅವರ ಇಂಗ್ಲಿಷ್ ಅನುವಾದ 2010ರಲ್ಲಿ ಪ್ರಕಟವಾಯಿತು. ಕನ್ನಡಕ್ಕೆ ತಂದವರು ದು. ಸರಸ್ವತಿ. ಹೆಗ್ಗೋಡಿನ ಜನಮನದಾಟ ತಂಡವು ಡಾ. ಎಂ. ಗಣೇಶ ಅವರ ನಿರ್ದೇಶನದಲ್ಲಿ ಇದನ್ನು ರಂಗಕ್ಕೆ ತಂದಿತು. ಮುಂದೆ ರೇವತಿಯವರು ಎ. ಮಂಗೈ ಅವರ ನಿರ್ದೇಶನದಲ್ಲಿ ‘ವೆಳ್ಳೈ ಮೊಳಿ’ ಎಂಬ ಏಕವ್ಯಕ್ತಿ ಪ್ರಯೋಗದ ಮೂಲಕ ತಮ್ಮ ಕಥೆಯನ್ನು ತಾವೇ ರಂಗದ ಮೇಲೆ ಹೇಳಿದರು.

ನಮ್ಮ ಮಲೆನಾಡಿನವರಿಗೆ ಗಂಡಸು ಹೆಣ್ಣಿನ ವೇಷ ಧರಿಸುವುದು ಹೊಸದಲ್ಲ. ಯಕ್ಷಗಾನ ಮೇಳದ ಸ್ತ್ರೀವೇಷಕ್ಕೆ ನಾವು ರಾತ್ರಿಯಿಡೀ ತಲೆದೂಗುತ್ತೇವೆ. ಬೆಳಗಾದರೆ ವೇಷ ಕಳಚುತ್ತದೆ ಎಂಬ ಭರವಸೆ ನಮಗಿರುತ್ತದೆ. ರೇವತಿಯವರ ಜೀವನದಲ್ಲಿಯೂ ಇಂತಹದೊಂದು ಪ್ರಸಂಗವಿದೆ. ಊರಿನ ಮಾರಿಯಮ್ಮನ ಹಬ್ಬದಲ್ಲಿ ಹುಡುಗ ಹೆಣ್ಣುವೇಷ ತೊಟ್ಟು ಕುಣಿದಾಗ ಊರೆಲ್ಲ ಮೆಚ್ಚುತ್ತದೆ. ಅದು ವೇಷವಲ್ಲ ಎಂದು ತಿಳಿದಾಗ ಅಣ್ಣಂದಿರ ಕೈಗೆ ಕ್ರಿಕೆಟ್ ಬ್ಯಾಟು ಬರುತ್ತದೆ. ಓಡಿಹೋಗಿ ಮರಳಿ ಬಂದ ಮಗುವಿನ ನೀಳವಾದ ಕೂದಲನ್ನು ಮನೆಯವರೇ ಬೋಳಿಸುತ್ತಾರೆ.

ಇಲ್ಲಿ ನನಗೆ ನೆನಪಾದದ್ದು ಗೊಮ್ಮಟಸಾರ. ನಮ್ಮ ಜಿಲ್ಲೆಯ ಶ್ರವಣಬೆಳಗೊಳದೊಡನೆ ಹೆಸರು ಬೆಸೆದಿರುವ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಚಾವುಂಡರಾಯನ ಕಾಲದಲ್ಲಿ ರಚಿಸಿದ ಗ್ರಂಥವಿದು. 1359ರಲ್ಲಿ ಕೇಶವಣ್ಣನು ಇದಕ್ಕೆ ಕನ್ನಡ ವೃತ್ತಿಯನ್ನು ಬರೆದನು. ಜೀವಕಾಂಡದ ವೇದಮಾರ್ಗಣೆಯಲ್ಲಿ ಆಚಾರ್ಯರು ಸ್ಪಷ್ಟವಾಗಿ ಹೇಳುತ್ತಾರೆ: ಶರೀರದ ಲಿಂಗವು ನಾಮಕರ್ಮದ ಫಲ, ಒಳಗಿನ ಲಿಂಗಭಾವವು ಮೋಹನೀಯ ಕರ್ಮದ ಉದಯ, ಇವೆರಡೂ ಪ್ರಾಯಶಃ ಸಮವಾಗಿರುತ್ತವೆ, ಕೆಲವೆಡೆ ವಿಷಮವಾಗಿರುತ್ತವೆ. ಇಂದು ನ್ಯಾಯಾಲಯಗಳೂ ವೈದ್ಯರೂ ಚರ್ಚಿಸುವ ಸಂಗತಿಯನ್ನು ಸಾವಿರ ವರ್ಷಗಳ ಹಿಂದೆಯೇ ನಮ್ಮವರು ಉದ್ವೇಗವಿಲ್ಲದೆ, ಬೈಗುಳವಿಲ್ಲದೆ ವರ್ಗೀಕರಿಸಿದ್ದರು. ಅಷ್ಟೇ ಅಲ್ಲ. ಪೂಜ್ಯಪಾದರ ಸರ್ವಾರ್ಥಸಿದ್ಧಿಯ ಪ್ರಕಾರ, ದ್ರವ್ಯದಿಂದ ಪುಲ್ಲಿಂಗಕ್ಕೆ ಮಾತ್ರ ಸಿದ್ಧಿ. ಭಾವದಿಂದಾದರೋ ಮೂರು ವೇದಗಳಿಂದಲೂ ಸಿದ್ಧಿಯುಂಟು. ದ್ರವ್ಯದ ವಿಷಯದಲ್ಲಿ ಯಾಪನೀಯರಿಗೂ ಶ್ವೇತಾಂಬರರಿಗೂ ನಮಗೂ ಇರುವ ವಿವಾದ ಹಳೆಯದು, ಅದನ್ನಿಲ್ಲಿ ಕೆದಕುವುದಿಲ್ಲ. ಆದರೆ ಶರೀರದಿಂದ ಗಂಡಾಗಿ ಭಾವದಿಂದ ಹೆಣ್ಣಾದ ಜೀವವೊಂದು ಉಂಟೆಂಬುದನ್ನೂ, ಅದು ಮೋಕ್ಷಮಾರ್ಗದ ಹೊರಗಿನದಲ್ಲವೆಂಬುದನ್ನೂ ಅತ್ಯಂತ ಕಟ್ಟುನಿಟ್ಟಾದ ದಿಗಂಬರ ಪಕ್ಷವೇ ಒಪ್ಪಿದೆ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ಶಾಸ್ತ್ರ ಎಲ್ಲವನ್ನೂ ಹಿತವಾಗಿಯೇ ಹೇಳಿದೆ ಎಂದು ನಟಿಸುವುದು ಸರಿಯಲ್ಲ. ಪುರುಷವೇದವನ್ನು ಹುಲ್ಲಿನ ಬೆಂಕಿಗೂ, ಸ್ತ್ರೀವೇದವನ್ನು ಬೆರಣಿಯ ಬೆಂಕಿಗೂ, ನಪುಂಸಕವೇದವನ್ನು ಇಟ್ಟಿಗೆಗೂಡಿನ ಬೆಂಕಿಗೂ ಅದೇ ಗ್ರಂಥ ಹೋಲಿಸುತ್ತದೆ. ನಪುಂಸಕರಿಗೆ ದೀಕ್ಷೆಯ ನಿಷೇಧವೂ ಉಂಟು. ಆದರೆ ಮೂರೂ ಬೆಂಕಿಗಳೇ ಎಂಬುದನ್ನು ಹುಲ್ಲಿನ ಬೆಂಕಿಯವರಾದ ನಾವು ಮರೆಯುತ್ತೇವೆ.

ನಾಟಕದೊಡನೆ ನನ್ನ ಮುಖ್ಯ ಭಿನ್ನಾಭಿಪ್ರಾಯ ‘ನಿರ್ವಾಣ’ ಎಂಬ ಪದದಲ್ಲಿದೆ. ಹಿಜ್ರಾ ಸಮುದಾಯದಲ್ಲಿ ಅಂಗಚ್ಛೇದನದ ಕ್ರಿಯೆಗೆ ಈ ಹೆಸರು. ಅನಂತರ ನಲವತ್ತು ದಿನಗಳ ಕಟ್ಟುಪಾಡು, ಕೊನೆಯಲ್ಲಿ ಮಾತೆಯ ಪೂಜೆ. ಪಾವಾಪುರಿಯ ನಿರ್ವಾಣವನ್ನು ದೀಪಾವಳಿಯ ಬೆಳಗಿನಲ್ಲಿ ಸ್ಮರಿಸುವ ನನಗೆ ಆ ಪದವನ್ನು ಅಲ್ಲಿ ಕೇಳಿ ಎದೆ ನಡುಗಿತು. ನಮ್ಮ ಸಿದ್ಧಾಂತದಂತೆ ವೇದವು ಕತ್ತರಿಗೆ ಸಿಕ್ಕುವ ವಸ್ತುವಲ್ಲ. ಅದು ಒಂಬತ್ತನೆಯ ಗುಣಸ್ಥಾನದಲ್ಲಿ ಮಾತ್ರ ಅಳಿಯುತ್ತದೆ. ಶರೀರವನ್ನು ತಿದ್ದಿದರೆ ಜೀವಕ್ಕೆ ಶಾಂತಿ ಎಂಬುದನ್ನು ನಾನು ಸಿದ್ಧಾಂತವಾಗಿ ಒಪ್ಪಲಾರೆ. ಆದರೆ ಅದೇ ತರ್ಕವನ್ನು ಆ ಅಣ್ಣಂದಿರಿಗೂ ಅನ್ವಯಿಸಬೇಕಲ್ಲವೇ? ಬ್ಯಾಟಿನಿಂದ ಹೊಡೆದು, ತಲೆ ಬೋಳಿಸಿ, ಮೋಹನೀಯ ಕರ್ಮದ ಉದಯವನ್ನು ನಿಲ್ಲಿಸಬಹುದೆಂದು ನಂಬಿದವರು ಅವರು. ಶರೀರದ ಮೇಲೆ ಕೈಮಾಡಿ ಭಾವವನ್ನು ತಿದ್ದಹೊರಟ ಮೊದಲ ತಪ್ಪು ಮನೆಯಲ್ಲಿಯೇ ಆಯಿತು. ರೇವತಿಯವರು ಮಾಡಿದ್ದು ತಮ್ಮ ಶರೀರಕ್ಕೆ, ತಮ್ಮ ಇಚ್ಛೆಯಿಂದ. ಮನೆಯವರು ಮಾಡಿದ್ದು ಇನ್ನೊಬ್ಬರ ಶರೀರಕ್ಕೆ, ಅವರ ಇಚ್ಛೆಗೆ ವಿರುದ್ಧವಾಗಿ. ಪ್ರಮಾದದಿಂದ ಪ್ರಾಣಕ್ಕೆ ಆಗುವ ಪೀಡೆಯೇ ಹಿಂಸೆ ಎಂದು ಕಲಿತವರಿಗೆ ಇವೆರಡರ ಅಂತರ ತಿಳಿಯಬೇಕು.

ಇನ್ನು ಮಹಾಮಾರಿಯ ವಿಷಯ. 1986ರಲ್ಲಿ ಚೆನ್ನೈಯಲ್ಲಿ ಡಾ. ಸುನೀತಿ ಸಾಲೊಮನ್ ಅವರ ತಂಡ ಭಾರತದ ಮೊದಲ ಎಚ್‌ಐವಿ ಪ್ರಕರಣಗಳನ್ನು ಗುರುತಿಸಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧಿ ಆರಂಭವಾದದ್ದು 2004ರ ಏಪ್ರಿಲಿನಲ್ಲಿ. ರೇವತಿಯವರು ಬೀದಿಯಲ್ಲಿ ಬದುಕಿದ ಕಾಲದ ಬಹುಭಾಗ ಈ ಎರಡು ವರ್ಷಗಳ ನಡುವಿನದು. ಔಷಧಿಯಿಲ್ಲದ, ಭಯ ಮಾತ್ರವಿದ್ದ ಕಾಲ. ಆಗ ಸಮಾಜಕ್ಕೆ ಇವರ ನೆನಪಾದದ್ದು ರೋಗ ಹರಡುವವರೆಂದು. ನಿರೋಧ್ ಹಂಚಲು ಇವರ ಓಣಿಗಳಿಗೆ ಜನ ಹೋದರು. ಪಡಿತರ ಚೀಟಿ ಕೊಡಲು ಯಾರೂ ಹೋಗಲಿಲ್ಲ.

ಆ ಕಾಲದ ನನ್ನದೇ ಲೆಕ್ಕವೊಂದು ಬಾಕಿಯಿದೆ. ತೊಂಬತ್ತರ ದಶಕದಲ್ಲಿ ನಮ್ಮ ಕಾಫಿ, ಮೆಣಸಿನ ಮೂಟೆಗಳನ್ನು ಶಿರಾಡಿ ಘಾಟಿಯಿಳಿಸಿ ಮಂಗಳೂರಿಗೆ ಒಯ್ಯುತ್ತಿದ್ದ ಲಾರಿ ಚಾಲಕನೊಬ್ಬ ಕಾಯಿಲೆ ಬಿದ್ದ. ‘ಆ ರೋಗ’ ಎಂದು ಪೇಟೆಯಲ್ಲಿ ಮಾತಾಯಿತು. ಒಂದು ಸಂಜೆ ಬಾಡಿಗೆಯ ಬಾಕಿ ಕೇಳಲು ಅಂಗಡಿಗೆ ಬಂದ. ಹಣ ಕೊಟ್ಟೆ, ಹುಡುಗ ಚಹಾ ಕೊಟ್ಟ. ಆತ ಎದ್ದೊಡನೆ ಆ ಗಾಜಿನ ಲೋಟವನ್ನು ಚರಂಡಿಗೆ ಎಸೆಯಲು ಹೇಳಿದೆ. ಲೋಟದಿಂದ ರೋಗ ಹರಡದೆಂದು ಆಗಲೇ ಓದಿ ಬಲ್ಲೆ. ಆತ ಇನ್ನೂ ಮೆಟ್ಟಿಲ ಮೇಲೆಯೇ ನಿಂತು ಚಪ್ಪಲಿ ಮೆಟ್ಟುತ್ತಿದ್ದ. ತಿರುಗಿ ನೋಡಿದ, ‘ಬರ್ತೀನಿ ಸಾವ್ಕಾರ್ರೆ’ ಎಂದ. ಆ ಮಳೆಗಾಲ ಕಳೆಯುವ ಮೊದಲೇ ತೀರಿಕೊಂಡ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ, ಎಂದರೆ ಅಸಹ್ಯಪಡದಿರುವುದು. ಅದಕ್ಕೆ ದೃಷ್ಟಾಂತ ಉದ್ದಾಯನ ಮಹಾರಾಜ. ರೋಗಿಷ್ಠ ಮುನಿಯ ವೇಷದಲ್ಲಿ ಬಂದ ದೇವನೊಬ್ಬ ಆಹಾರ ಸ್ವೀಕರಿಸಿ ರಾಜದಂಪತಿಗಳ ಮೇಲೆಯೇ ವಾಂತಿ ಮಾಡಿದಾಗ, ‘ನಾನು ಕೊಟ್ಟ ಆಹಾರದಲ್ಲಿಯೇ ದೋಷವಿದ್ದೀತು’ ಎಂದು ಮರುಗಿ ತೊಳೆದವನು ಆತ. 1112ರಲ್ಲಿ ನಯಸೇನನು ಧರ್ಮಾಮೃತದಲ್ಲಿ ಈ ಅಂಗಗಳ ಕಥೆಗಳನ್ನು ಕನ್ನಡಿಗರಿಗೆ ಹೇಳಿದನು. ನಾಲ್ಕನೆಯ ಅಂಗವಾದ ಅಮೂಢದೃಷ್ಟಿಗೆ ದೃಷ್ಟಾಂತವಾದ ರಾಣಿಯ ಹೆಸರು ರೇವತಿ. ಇದು ಕಾಕತಾಳೀಯ, ಆದರೂ ನಾಟಕದುದ್ದಕ್ಕೂ ನನ್ನ ಮನಸ್ಸಿನಲ್ಲಿ ಸುಳಿಯುತ್ತಿತ್ತು. ಪರ್ಯೂಷಣದಲ್ಲಿ ಉದ್ದಾಯನನ ಕಥೆಯನ್ನು ನಾನೇ ಎಷ್ಟೋ ಸಲ ಓದಿ ಹೇಳಿದ್ದೇನೆ. ಲೋಟದ ಕಥೆಯನ್ನು ಹೇಳಿರಲಿಲ್ಲ.

ಕೃತಿಯಾಗಿ ನೋಡಿದರೆ ನಾಟಕಕ್ಕಿಂತ ಗ್ರಂಥ ದೊಡ್ಡದು. ರಂಗಕ್ಕೆ ಕಣ್ಣೀರು ಬೇಗ ಒದಗುತ್ತದೆ, ಲೆಕ್ಕ ಒದಗುವುದಿಲ್ಲ. ಗ್ರಂಥದಲ್ಲಿ ರೇವತಿಯವರು ಅಣ್ಣಂದಿರೆದುರು ನಿಂತು ತಂದೆಯ ಆಸ್ತಿಯಲ್ಲಿ ತಮ್ಮ ಪಾಲು ಕೇಳುವ ಭಾಗವೇ, ಬಿ.ಕಾಂ. ಓದಿ ಅಂಗಡಿಯಲ್ಲಿ ಕುಳಿತ ನನಗೆ, ಎಲ್ಲಕ್ಕಿಂತ ಮಿಗಿಲೆನಿಸಿತು. ಕರುಣೆಯನ್ನು ಬೇಡದೆ ಹಕ್ಕನ್ನು ಕೇಳುವ ಸ್ವರ ಅದು. ಮಗಳೆಂದು ಒಪ್ಪದ ಮನೆಯವರಿಗೆ ಪಾಲಿನ ಪ್ರಶ್ನೆಯನ್ನು ತಳ್ಳಿಹಾಕಲಾಗುವುದಿಲ್ಲ. ವೃದ್ಧರಾದ ತಂದೆತಾಯಿಗಳ ಆರೈಕೆಗೆ ಕೊನೆಗೆ ಮರಳುವವರೂ ಅವರೇ. ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ತೃತೀಯ ಲಿಂಗಿಗಳ ಹಕ್ಕನ್ನು ಎತ್ತಿಹಿಡಿದಾಗ ಈ ಗ್ರಂಥ ಪ್ರಕಟವಾಗಿ ವರ್ಷಗಳೇ ಕಳೆದಿದ್ದವು.

ನಮ್ಮ ಕುಟುಂಬಗಳಲ್ಲಿ ಇಂತಹವರಿಲ್ಲವೆಂದು ಭಾವಿಸುವವರು ‘ಮಗ ಬೊಂಬಾಯಿಯಲ್ಲಿದ್ದಾನೆ’ ಎಂದಷ್ಟೇ ಹೇಳಿ ಮಾತು ಬದಲಿಸುವ ಮನೆಗಳನ್ನು ಜ್ಞಾಪಿಸಿಕೊಳ್ಳಲಿ. ಅಂತಹ ಒಬ್ಬರು ಸೀರೆಯುಟ್ಟು ಬಸದಿಗೆ ಬಂದರೆ ಪಂಕ್ತಿಯಲ್ಲಿ ಎಲ್ಲಿ ಕೂರಿಸುವುದೆಂಬುದು ಟ್ರಸ್ಟುಗಳ ಮುಂದೆ ಇಂದಲ್ಲ ನಾಳೆ ಬರುವ ಪ್ರಶ್ನೆ.

ಈ ನಾಟಕವನ್ನು ಆಡಲು ಸಮುದಾಯ ಭವನವನ್ನು ಬಾಡಿಗೆಯಿಲ್ಲದೆ ಕೊಡಬೇಕೆಂದು ನಮ್ಮ ಸಮಿತಿಯಲ್ಲಿ ಕೇಳಿದ್ದೇನೆ. ಇಬ್ಬರು ಒಪ್ಪಿದ್ದಾರೆ. ಮಕ್ಕಳು ನೋಡಬಾರದ ಸಂಗತಿಗಳಿವೆ ಎಂದ ಹಿರಿಯರ ಮಾತನ್ನು ನಾನೂ ಒಪ್ಪಿ, ವಯಸ್ಕರಿಗೆ ಮಾತ್ರ ಎಂದು ಬರೆದುಕೊಟ್ಟಿದ್ದೇನೆ. ಉಳಿದ ಚರ್ಚೆಯನ್ನು ಚಾತುರ್ಮಾಸ ಮುಗಿದ ಮೇಲಿನ ಸಭೆಗೆ ಮುಂದೂಡಲಾಗಿದೆ.